ಮುಳ್ಳು ಹೋದ ಮೇಲೂ ಗಂಟಲಲ್ಲಿ ಉಳಿಯುವುದು

ಗಂಟಲು ಎಂಬುದೊಂದು ಇದೆ ಎನ್ನುವುದೇ ಸಾಮಾನ್ಯವಾಗಿ ನಮಗೆ ನೆನಪಿರುವುದಿಲ್ಲ. ಊಟ ಮಾಡುವಾಗ ನಾಲಿಗೆಗೆ ರುಚಿ ಗೊತ್ತಾಗುತ್ತದೆ, ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ, ಆದರೆ ಇವೆರಡರ ನಡುವಿನ ದಾರಿ ತನ್ನ ಕೆಲಸವನ್ನು ನಮಗೆ ತಿಳಿಯದ ಹಾಗೆ ಮಾಡಿ ಮುಗಿಸುತ್ತದೆ. ಮೀನಿನ ಮುಳ್ಳೊಂದು ಆ ದಾರಿಯಲ್ಲಿ ಗೀರಿಕೊಂಡು ಹೋದ ಮೇಲಷ್ಟೇ ನಾವು ದಿನವಿಡೀ ಎಷ್ಟು ಸಲ ಉಗುಳು ನುಂಗುತ್ತೇವೆ ಎನ್ನುವುದು ಅರಿವಿಗೆ ಬರುತ್ತದೆ. ಎಚ್ಚರವಿರುವಾಗ ಹೆಚ್ಚುಕಡಿಮೆ ಒಂದೆರಡು ನಿಮಿಷಕ್ಕೊಮ್ಮೆ, ಮಾತಾಡುವಾಗ, ಓದುವಾಗ, ಬಸ್ಸಿಗೆ ಕಾಯುವಾಗ, ಯಾವ ಯೋಚನೆಯೂ ಇಲ್ಲದೆ ನುಂಗುತ್ತಲೇ ಇರುತ್ತೇವೆ. ಹಾಗೆ ನುಂಗಿದ ಪ್ರತಿ ಸಲವೂ ಬಲಗಡೆ, ದವಡೆಯ ಮೂಲೆಯ ಕೆಳಗೆ ಎಲ್ಲೋ ಒಂದು ಕಡೆ ಚುಚ್ಚಿದರೆ, ಆ ಚುಚ್ಚುವಿಕೆ ನೋವೆನ್ನುವಷ್ಟು ದೊಡ್ಡದಲ್ಲದಿದ್ದರೂ ಮನಸ್ಸನ್ನು ಬೇರೆ ಕಡೆಗೆ ಹೋಗಲು ಬಿಡುವುದಿಲ್ಲ.

ನನಗೆ ಹೀಗಾದದ್ದು ಮಳೆಗಾಲದಲ್ಲಿ, ಬೆಂಗಳೂರಿನ ಮನೆಯಲ್ಲಿ, ರೋಹು ಮೀನಿನ ಸಾರಿನಿಂದ. ಉಡುಪಿ ಕಡೆಯವರಾದ ನಾವು ಮನೆಯಲ್ಲಿ ಕೊಳದ ಮೀನು ತರುವುದು ಅಪರೂಪ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆಯ ಬಂದರಿನಲ್ಲಿ ಬೋಟುಗಳು ಸಾಲಾಗಿ ಲಂಗರು ಹಾಕಿ ನಿಂತಿರುವ ಆ ದಿನಗಳಲ್ಲಿ ಬೆಂಗಳೂರಿಗೆ ಬರುವ ಬಂಗುಡೆ, ಬೂತಾಯಿಗಳು ಯಾವ ರಾಜ್ಯದವು, ಎಷ್ಟು ದಿನ ಮಂಜುಗಡ್ಡೆಯಲ್ಲಿದ್ದವು ಎನ್ನುವುದು ಮಾರುವವನಿಗೂ ಸರಿಯಾಗಿ ತಿಳಿದಿರುವುದಿಲ್ಲ. ಆಂಧ್ರದ ಕೊಲ್ಲೇರು ಸುತ್ತಮುತ್ತಲಿನ ಕೊಳಗಳಲ್ಲಿ ಸಾಕಿದ ರೋಹು, ಕಾಟ್ಲಾಗಳಾದರೋ ವರ್ಷವಿಡೀ ತಾಜಾ ಆಗಿಯೇ ಸಿಗುತ್ತವೆ. ಹಾಗಾಗಿ ಬಂಗುಡೆಗೆ ಅರೆಯುವ ಬ್ಯಾಡಗಿ ಮೆಣಸು, ಹುಣಸೆಹಣ್ಣು, ತೆಂಗಿನಕಾಯಿಯ ಮಸಾಲೆಯನ್ನೇ ಅರೆದು ರೋಹುವಿನ ಸಾರು ಮಾಡಿದ್ದೆವು. ಸಾರಿನ ಬಗ್ಗೆ ದೂರಿಲ್ಲ.

ಕರಾವಳಿಯಲ್ಲಿ ಹುಟ್ಟಿದವರಿಗೆ ಮುಳ್ಳು ಬಿಡಿಸುವುದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಮಗು ಚಿಕ್ಕದಿರುವಾಗ ಅಂಜಲ್ ಮೀನಿನ ತುಂಡನ್ನೋ ಕಾಣೆ ಮೀನಿನ ಬೆನ್ನಿನ ಮಾಂಸವನ್ನೋ ಬಿಡಿಸಿ ಅನ್ನದ ಜೊತೆ ಕಲಸಿ ಕೊಡುತ್ತಾರೆ. ಸ್ವಲ್ಪ ದೊಡ್ಡದಾದ ಮೇಲೆ ಬಂಗುಡೆಯ ಒಂದು ಬದಿಯನ್ನು ಎತ್ತಿ ಕೊಟ್ಟು ನಡುಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸುವುದನ್ನು ತೋರಿಸುತ್ತಾರೆ. ಬೂತಾಯಿಯ ಹಂತಕ್ಕೆ ಬರುವ ಹೊತ್ತಿಗೆ ಬೆರಳುಗಳು ತಾವೇ ಕೆಲಸ ಮಾಡತೊಡಗಿರುತ್ತವೆ. ಬೂತಾಯಿಯ ಮಾಂಸದಲ್ಲಿ ಕೂದಲೆಳೆಯಷ್ಟು ಸಣ್ಣ ಮುಳ್ಳುಗಳು ತುಂಬಾ ಇರುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಎಷ್ಟು ಮೆತ್ತಗಿರುತ್ತವೆಂದರೆ ಕುಚ್ಚಲಕ್ಕಿ ಅನ್ನದ ಜೊತೆ ಅಗಿದರೆ ಪುಡಿಯಾಗಿಬಿಡುತ್ತವೆ, ಗರಿಗರಿಯಾಗಿ ಕಾಯಿಸಿದರಂತೂ ನಡುಮುಳ್ಳೂ ಬಾಕಿಯಾಗುವುದಿಲ್ಲ. ಚಮಚದಲ್ಲಿ ಉಣ್ಣುವವರಿಗೆ ಇಲ್ಲದ ಒಂದು ಅನುಕೂಲ ಕೈಯಲ್ಲಿ ಉಣ್ಣುವವರಿಗೆ ಇದೆ: ತುತ್ತನ್ನು ಬಾಯಿಗಿಡುವ ಮೊದಲೇ ಬೆರಳ ತುದಿ ಅದನ್ನು ಪರೀಕ್ಷಿಸಿರುತ್ತದೆ. ಆ ಮೇಲೆ ಎರಡನೆಯ ಪರೀಕ್ಷೆ ನಾಲಿಗೆ ಮತ್ತು ಅಂಗುಳದ್ದು. ಬಾಯಿಯ ಮೇಲ್ಭಾಗವನ್ನು ಪೂರ್ತಿ ಮುಚ್ಚುವ ಹಲ್ಲಿನ ಸೆಟ್ ಹಾಕಿಕೊಂಡಿರುವ ಹಿರಿಯರ ಗಂಟಲಲ್ಲಿ ಮುಳ್ಳು ಸಿಕ್ಕಿಕೊಳ್ಳುವುದು ಹೆಚ್ಚು ಎಂದು ವೈದ್ಯರು ಹೇಳುವುದಕ್ಕೆ ಕಾರಣ ಇದೇ. ಅಂಗುಳದ ಸ್ಪರ್ಶಜ್ಞಾನ ಪ್ಲಾಸ್ಟಿಕ್ಕಿನ ಅಡಿ ಸೇರಿರುತ್ತದೆ.

ಈ ಎರಡೂ ಪರೀಕ್ಷೆಗಳನ್ನು ರೋಹು ದಾಟಬಲ್ಲದು. ರೋಹು, ಕಾಟ್ಲಾ, ಮೃಗಾಲ್, ಗೆಂಡೆ ಮುಂತಾದ ಕಾರ್ಪ್ ಜಾತಿಯ ಮೀನುಗಳ ಮಾಂಸದೊಳಗೆ, ಬೆನ್ನೆಲುಬಿಗೂ ಪಕ್ಕೆಲುಬಿಗೂ ಅಂಟದೆ ಸ್ವತಂತ್ರವಾಗಿ ಕುಳಿತಿರುವ ಮುಳ್ಳುಗಳಿವೆ. ಸ್ನಾಯುಗಳ ಪದರಗಳನ್ನು ಬೇರ್ಪಡಿಸುವ ತೆಳು ಪರೆಗಳಲ್ಲಿ ಇವು ನೇರವಾಗಿ ಎಲುಬಾಗಿ ಗಟ್ಟಿಯಾಗುತ್ತವೆ. ಒಂದು ಮೀನಿನಲ್ಲಿ ನೂರರ ಆಸುಪಾಸು ಇರುವ ಇವುಗಳಲ್ಲಿ ಹಲವು ಕವಲೊಡೆದಿರುತ್ತವೆ, ತುದಿಗಳು ಎರಡೂ ಕಡೆ ಚೂಪು. ನಡುಮುಳ್ಳನ್ನು ಎಳೆದರೆ ಬಂಗುಡೆಯ ಬಹುಪಾಲು ಮುಳ್ಳುಗಳು ಅದರ ಜೊತೆಗೇ ಬರುತ್ತವೆ. ರೋಹುವಿನ ನಡುಮುಳ್ಳನ್ನು ಎಳೆದರೆ ಬರುವುದು ನಡುಮುಳ್ಳು ಮಾತ್ರ, ಕವಲುಮುಳ್ಳುಗಳು ಮಾಂಸದಲ್ಲೇ ಉಳಿಯುತ್ತವೆ. ಸಮುದ್ರದ ಮೀನಿನ ಮೇಲೆ ಪಳಗಿದ ಬೆರಳುಗಳಿಗೆ ಈ ನಕ್ಷೆ ಗೊತ್ತಿರುವುದಿಲ್ಲ. ಚೀನಾದ ವಿಜ್ಞಾನಿಗಳು ಇತ್ತೀಚಿನ ವರ್ಷಗಳಲ್ಲಿ ಜೀನ್ ತಿದ್ದುವ ತಂತ್ರವನ್ನು ಬಳಸಿ ಇಂಥ ಮುಳ್ಳುಗಳೇ ಇಲ್ಲದ ಕಾರ್ಪ್ ಮೀನುಗಳನ್ನು ಬೆಳೆಸಿದ್ದಾರೆ. ಆ ಮೀನು ನಮ್ಮ ಮಾರುಕಟ್ಟೆಗೆ ಬರುವವರೆಗೆ ಬಂಗಾಳಿಗಳಿಂದ ಕಲಿಯುವುದೇ ದಾರಿ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮುಳ್ಳು ಚುಚ್ಚಿದ ಕ್ಷಣದಲ್ಲಿ ಏನಾಯಿತೆನ್ನುವುದನ್ನು ವಿವರಿಸುವುದಕ್ಕೆ ಹೆಚ್ಚೇನೂ ಇಲ್ಲ. ತುತ್ತು ಇಳಿಯುತ್ತಿದ್ದಾಗ ಒಂದು ಚುರುಕು, ಕಣ್ಣಲ್ಲಿ ನೀರು, ಒಂದೆರಡು ಕೆಮ್ಮು, ಆಮೇಲೆ ಊಟದ ಮೇಜಿನ ಸುತ್ತ ಸಲಹೆಗಳ ಮಳೆ. ಬಿಳಿ ಅನ್ನವನ್ನು ಉಂಡೆ ಮಾಡಿ ಅಗಿಯದೆ ನುಂಗು, ಬಾಳೆಹಣ್ಣಿನ ದೊಡ್ಡ ತುಂಡನ್ನು ಹಾಗೆಯೇ ಇಳಿಸು, ಬ್ರೆಡ್ಡು ನೀರಲ್ಲಿ ಅದ್ದಿ ತಿನ್ನು, ನಿಂಬೆಹಣ್ಣಿನ ರಸ ಕುಡಿ, ವಿನೆಗರ್ ಬಾಯಿ ಮುಕ್ಕಳಿಸು. ಊರಿಗೆ ಫೋನ್ ಮಾಡಿದರೆ ಇದೇ ಪಟ್ಟಿ, ಕ್ರಮ ಮಾತ್ರ ಬೇರೆ. ಕರಾವಳಿಯ ಪ್ರತಿ ಮನೆಯಲ್ಲೂ ಅನ್ನದ ಉಂಡೆಯಿಂದ ಮುಳ್ಳು ಇಳಿದ ಕಥೆಯೊಂದು ಇದ್ದೇ ಇರುತ್ತದೆ, ಮತ್ತು ಆ ಕಥೆಗಳು ಸುಳ್ಳಲ್ಲ. ಸಡಿಲವಾಗಿ ಅಂಟಿಕೊಂಡ ಮುಳ್ಳು ಯಾವುದೇ ತುತ್ತಿನ ಜೊತೆ, ಎಷ್ಟೋ ಸಲ ಬರೀ ನೀರಿನ ಜೊತೆಯೂ ಹೊರಟುಹೋಗುತ್ತದೆ. ಆದರೆ ಉಂಡೆಗೆ ಮುಳ್ಳಿನ ದಿಕ್ಕು ತಿಳಿದಿಲ್ಲ. ಓರೆಯಾಗಿ ನೆಟ್ಟ ಮುಳ್ಳಿನ ಮೇಲೆ ಅದು ಬಿದ್ದರೆ ಮುಳ್ಳು ಇನ್ನಷ್ಟು ಆಳಕ್ಕೆ ಇಳಿಯಬಹುದು, ಮುರಿಯಬಹುದು, ಇಲ್ಲವೇ ಕಣ್ಣಿಗೆ ಕಾಣುತ್ತಿದ್ದ ಜಾಗದಿಂದ ಜಾರಿ ಕಾಣದ ಜಾಗಕ್ಕೆ ಹೋಗಬಹುದು. ಇಎನ್‌ಟಿ ವೈದ್ಯರು ಈ ಉಪಾಯವನ್ನು ಬೇಡವೆನ್ನುವುದು ಇದಕ್ಕಾಗಿ. ಉಂಡೆ ಕೆಲಸ ಮಾಡಿದ ಮನೆಯವರು ಕಥೆ ಹೇಳುತ್ತಾರೆ, ಕೆಲಸ ಮಾಡದವರು ಆಸ್ಪತ್ರೆಗೆ ಹೋಗುತ್ತಾರೆ, ಹಾಗಾಗಿ ಮನೆಯಲ್ಲಿ ಕೇಳಿದ ಲೆಕ್ಕಕ್ಕೂ ವೈದ್ಯರು ಕಂಡ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಇನ್ನು ನಿಂಬೆರಸ, ವಿನೆಗರ್‌ಗಳ ವಿಷಯ: ಆಮ್ಲದಲ್ಲಿ ಎಲುಬು ಮೆತ್ತಗಾಗುವುದು ನಿಜ, ಆದರೆ ಅದಕ್ಕೆ ಗಂಟೆಗಟ್ಟಲೆ ನೆನೆಯಬೇಕು. ಗಂಟಲಲ್ಲಿ ರಸ ನಿಲ್ಲುವುದು ಕೆಲವು ಕ್ಷಣ ಮಾತ್ರ. ಗೀರಿದ ಜಾಗಕ್ಕೆ ಉರಿ ಹೆಚ್ಚಿಸುವುದನ್ನು ಬಿಟ್ಟರೆ ಅದು ಬೇರೇನನ್ನೂ ಮಾಡಲಾರದು.

ನಮ್ಮ ಮೇಲಿನ ಮಹಡಿಯಲ್ಲಿರುವ ಮಂಗಳೂರಿನ ಕ್ಯಾಥೊಲಿಕ್ ಕುಟುಂಬದ ಅಜ್ಜಿಯೊಬ್ಬರು ಇದನ್ನೆಲ್ಲ ಕೇಳಿ ಸಂತ ಬ್ಲೇಜರನ್ನು ನೆನೆದರು. ನಾಲ್ಕನೆಯ ಶತಮಾನದ ಆರಂಭದಲ್ಲಿ ಆರ್ಮೇನಿಯಾದ ಸೆಬಾಸ್ಟೆಯಲ್ಲಿ ಬಿಷಪ್ ಆಗಿದ್ದರೆಂದು ಹೇಳಲಾಗುವ ಈ ಸಂತರು, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿ ಸಾಯುವ ಸ್ಥಿತಿಯಲ್ಲಿದ್ದ ಹುಡುಗನೊಬ್ಬನನ್ನು ಉಳಿಸಿದರೆಂಬ ಐತಿಹ್ಯವಿದೆ. ಫೆಬ್ರವರಿ 3ರ ಅವರ ಹಬ್ಬದಂದು ಪಾದ್ರಿಗಳು ಎರಡು ಮೇಣದ ಬತ್ತಿಗಳನ್ನು ಅಡ್ಡಡ್ಡವಾಗಿ ಹಿಡಿದು ಭಕ್ತರ ಗಂಟಲಿಗೆ ತಾಗಿಸಿ ಹರಸುತ್ತಾರೆ. ಮುಂಬಯಿಯ ಅಂಧೇರಿಯ ಅಂಬೋಲಿಯಲ್ಲಿ ಈ ಸಂತರ ಹೆಸರಿನ ಹಳೆಯ ಚರ್ಚೊಂದಿದೆ. ಮೀನು ತಿನ್ನುವ ಜನ ಇರುವಲ್ಲೆಲ್ಲ ಈ ಭಯಕ್ಕೊಬ್ಬ ದೇವರೋ ಸಂತರೋ ಬೇಕಾದದ್ದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ.

ರಾತ್ರಿ ಕಳೆದರೂ ಚುಚ್ಚುವುದು ನಿಲ್ಲದಿದ್ದಾಗ ಇಎನ್‌ಟಿ ವೈದ್ಯರ ಬಳಿ ಹೋದೆ. ಪರೀಕ್ಷೆ ನಾನು ಊಹಿಸಿದ್ದಕ್ಕಿಂತ ಸರಳವಾಗಿತ್ತು. ಮೊದಲು ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಟಾನ್ಸಿಲ್‌ಗಳನ್ನು ನೋಡಿದರು, ಏಕೆಂದರೆ ಸಣ್ಣ ಮುಳ್ಳುಗಳು ಹೆಚ್ಚಾಗಿ ನೆಡುವುದು ಟಾನ್ಸಿಲ್‌ನ ಗುಳಿಗಳಲ್ಲಿ ಮತ್ತು ನಾಲಿಗೆಯ ಬುಡದಲ್ಲಿ. ಆಮೇಲೆ ಗಾಜ್ ಬಟ್ಟೆಯಲ್ಲಿ ನಾಲಿಗೆಯನ್ನು ಹಿಡಿದು ಮುಂದಕ್ಕೆ ಎಳೆದು, ಮಂಜು ಕಟ್ಟದಂತೆ ಬಿಸಿ ಮಾಡಿದ ಪುಟ್ಟ ಕನ್ನಡಿಯನ್ನು ಗಂಟಲಿನ ಹಿಂಭಾಗಕ್ಕೆ ಹಿಡಿದು 'ಈ' ಎನ್ನಲು ಹೇಳಿದರು. ಈ ಕನ್ನಡಿಯ ಕಥೆ ನನಗೆ ಬಹಳ ಇಷ್ಟ. 1854ರಲ್ಲಿ ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಸ್ಪೇನ್ ಮೂಲದ ಸಂಗೀತದ ಮೇಷ್ಟರು, ಹಾಡುವಾಗ ತಮ್ಮ ಧ್ವನಿಪೆಟ್ಟಿಗೆ ಹೇಗೆ ಅಲುಗುತ್ತದೆಂದು ನೋಡುವ ಆಸೆಯಿಂದ, ಹಲ್ಲಿನ ವೈದ್ಯರು ಬಳಸುವ ಕನ್ನಡಿಯನ್ನು ಗಂಟಲಲ್ಲಿಟ್ಟುಕೊಂಡು, ಇನ್ನೊಂದು ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತಮ್ಮದೇ ಸ್ವರತಂತುಗಳನ್ನು ಕಂಡರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದನ್ನು ವರದಿ ಮಾಡಿದರು. ಹಾಡುಗಾರಿಕೆಗಾಗಿ ಹುಡುಕಿದ್ದು ಮುಂದೆ ಮೀನು ತಿನ್ನುವವರ ಕೆಲಸಕ್ಕೆ ಬಂತು. ಗಾರ್ಸಿಯಾ ನೂರೊಂದು ವರ್ಷ ಬದುಕಿದರು.

ಕನ್ನಡಿಯಲ್ಲಿ ಏನೂ ಕಾಣದಿದ್ದಾಗ, ಮೂಗಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಬಾಗುವ ತೆಳ್ಳನೆಯ ಎಂಡೋಸ್ಕೋಪನ್ನು ಮೂಗಿನ ಮೂಲಕ ಇಳಿಸಿದರು. ಹಳೆಯ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್‌ಮೌಲ್ ಅನ್ನನಾಳದೊಳಗೆ ನೇರ ಕೊಳವೆಯನ್ನು ಇಳಿಸಿ ನೋಡಲು ಕತ್ತಿ ನುಂಗುವ ಕಸುಬಿನವನೊಬ್ಬನನ್ನು ಕರೆಸಬೇಕಾಗಿತ್ತು, ಬೇರೆ ಯಾರಿಗೂ ಆ ಕೊಳವೆ ಹಿಡಿಸುವಂತಿರಲಿಲ್ಲ. ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಬಾಗಿಸಿ ಸಾಗಿಸಬಹುದೆಂದು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹೆರಾಲ್ಡ್ ಹಾಪ್ಕಿನ್ಸ್ 1954ರಲ್ಲಿ ತೋರಿಸಿಕೊಟ್ಟ ಮೇಲೆ ಬಾಗುವ ಎಂಡೋಸ್ಕೋಪಿಗೆ ದಾರಿಯಾಯಿತು. ನನ್ನ ಮುಂದಿದ್ದ ಪರದೆಯಲ್ಲಿ ನಾಲಿಗೆಯ ಬುಡ, ನುಂಗುವಾಗ ಶ್ವಾಸನಾಳದ ಬಾಯನ್ನು ಮುಚ್ಚುವ ಎಪಿಗ್ಲಾಟಿಸ್‌ನ ಎಲೆ, ಅದರ ಮುಂದಿನ ಎರಡು ಹಳ್ಳಗಳು, ಧ್ವನಿಪೆಟ್ಟಿಗೆಯ ಅಕ್ಕಪಕ್ಕದಲ್ಲಿ ಅನ್ನನಾಳಕ್ಕೆ ಇಳಿಯುವ ಎರಡು ಕಾಲುವೆಗಳು ಎಲ್ಲವೂ ತೇವವಾಗಿ, ಗುಲಾಬಿ ಬಣ್ಣದಲ್ಲಿ ಕಂಡವು. ಮುಳ್ಳು ಇರಲಿಲ್ಲ. ಬಲಗಡೆಯ ಟಾನ್ಸಿಲ್‌ನ ಕೆಳತುದಿಯ ಬಳಿ ಒಂದು ಸಣ್ಣ ಕೆಂಪು ಗೀರು ಇತ್ತು. ಮುಳ್ಳು ಇಳಿದುಹೋಗಿದೆ, ಗೀರಿದ ಜಾಗ ಒಂದೆರಡು ದಿನ ನೋಯುತ್ತದೆ, ಕಡಿಮೆಯಾಗುತ್ತಾ ಬರದಿದ್ದರೆ ಮತ್ತೆ ಬನ್ನಿ ಎಂದರು.

ನನ್ನ ಮಟ್ಟಿಗೆ ನಿಜವಾದ ಸಮಸ್ಯೆ ಶುರುವಾದದ್ದು ಅಲ್ಲಿಂದ. ಮುಳ್ಳಿಲ್ಲವೆಂದು ಕಣ್ಣಾರೆ ಕಂಡು ಮನೆಗೆ ಬಂದ ಮೇಲೂ, ಉಗುಳು ನುಂಗಿದಾಗಲೆಲ್ಲ ಅದೇ ಜಾಗದಲ್ಲಿ ಅದೇ ಚುಚ್ಚು. ಪರದೆಯಲ್ಲಿ ಕಂಡದ್ದನ್ನು ನಂಬಬೇಕೇ ಅಥವಾ ಒಳಗಿನಿಂದ ಬರುತ್ತಿರುವ ಸುದ್ದಿಯನ್ನು ನಂಬಬೇಕೇ ಎನ್ನುವ ಪ್ರಶ್ನೆ ಇದು. ಇದನ್ನು ಓದುತ್ತಿರುವವರಲ್ಲಿ ಹಲವರು ಈ ಸ್ಥಿತಿಯಲ್ಲಿ ರಾತ್ರಿ ಎದ್ದು ಕನ್ನಡಿಯ ಮುಂದೆ ಮೊಬೈಲಿನ ಟಾರ್ಚು ಹಿಡಿದು ಬಾಯಿ ತೆರೆದು ನಿಂತಿರುತ್ತೀರಿ ಎಂದು ನನಗೆ ಖಾತ್ರಿಯಿದೆ.

ಗಂಟಲಿನ ಸುದ್ದಿ ಎಷ್ಟು ನಂಬಲರ್ಹ ಎಂದು ತಿಳಿಯಲು ಅದರ ನರಗಳ ವ್ಯವಸ್ಥೆಯನ್ನು ನೋಡಬೇಕು. ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಸಂವೇದನೆಯನ್ನು ಮಿದುಳಿಗೆ ಒಯ್ಯುವುದು ಒಂಬತ್ತನೆಯ ಕಪಾಲ ನರ, ಅದಕ್ಕಿಂತ ಕೆಳಗಿನ ಭಾಗದ್ದನ್ನು ಒಯ್ಯುವುದು ಹತ್ತನೆಯದಾದ ವೇಗಸ್. ಬೆರಳ ತುದಿಯಲ್ಲಿ ಕೂದಲೆಳೆಯ ಅಂತರದಲ್ಲಿರುವ ಎರಡು ಬಿಂದುಗಳನ್ನಲ್ಲದಿದ್ದರೂ ಒಂದೆರಡು ಮಿಲಿಮೀಟರ್ ಅಂತರದವನ್ನು ನಾವು ಬೇರೆ ಬೇರೆಯಾಗಿ ಗುರುತಿಸಬಲ್ಲೆವು, ಗಂಟಲಿಗೆ ಆ ಸೂಕ್ಷ್ಮತೆ ಇಲ್ಲ. ಎಡವೋ ಬಲವೋ ಎನ್ನುವುದನ್ನು ಅದು ಬಹುಮಟ್ಟಿಗೆ ಸರಿಯಾಗಿ ಹೇಳುತ್ತದೆ, ಎಷ್ಟು ಮೇಲೆ, ಎಷ್ಟು ಕೆಳಗೆ ಎನ್ನುವುದರಲ್ಲಿ ತಪ್ಪುತ್ತದೆ. ನನ್ನ ಬೆರಳು ತೋರಿಸುತ್ತಿದ್ದ ಜಾಗಕ್ಕಿಂತ ಪರದೆಯಲ್ಲಿ ಕಂಡ ಗೀರು ಮೇಲಿತ್ತು. ಇದೇ ಎರಡು ನರಗಳ ಕವಲುಗಳು ಕಿವಿಗೂ ಹೋಗುತ್ತವೆಯಾದ್ದರಿಂದ ನುಂಗುವಾಗ ಕಿವಿಯೊಳಗೂ ಚಳುಕು ಬರುವುದುಂಟು, ಕಿವಿಯಲ್ಲಿ ಏನೂ ಕೆಟ್ಟಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮುಳ್ಳು ಮತ್ತು ಮುಳ್ಳು ಮಾಡಿದ ಗಾಯ ಇವೆರಡನ್ನು ಬೇರೆಬೇರೆಯಾಗಿ ವರದಿ ಮಾಡುವ ಏರ್ಪಾಡು ಈ ನರಗಳಲ್ಲಿಲ್ಲ. ಚರ್ಮ ಸುಲಿದ ಜಾಗದಲ್ಲಿ ತೆರೆದುಕೊಂಡ ನರದ ತುದಿ ಎರಡು ಸಂದರ್ಭಗಳಲ್ಲೂ ಒಂದೇ ಸಂಕೇತವನ್ನು ಕಳುಹಿಸುತ್ತದೆ. ಕಣ್ಣಿಗೆ ಬಿದ್ದ ಕಸ ಹೋದ ಮೇಲೂ, ಅದು ಕಾರ್ನಿಯಾದ ಮೇಲೆ ಎಳೆದ ಗೀರಿನಿಂದಾಗಿ, ಕಸ ಇನ್ನೂ ಅಲ್ಲೇ ಇದೆ ಎಂದು ಗಂಟೆಗಟ್ಟಲೆ ಅನ್ನಿಸುವುದು ಇದೇ ಕಾರಣಕ್ಕೆ. ಗಂಟಲಲ್ಲಿ ಈ ಭ್ರಮೆ ಹೆಚ್ಚು ಕಾಲ ನಿಲ್ಲುತ್ತದೆ, ಏಕೆಂದರೆ ಗಾಯವಾದ ಕೈಗೆ ವಿಶ್ರಾಂತಿ ಕೊಡಬಹುದು, ನುಂಗುವುದಕ್ಕೆ ರಜೆ ಕೊಡಲಾಗುವುದಿಲ್ಲ.

ಇದರ ಮೇಲೆ ನಮ್ಮ ಗಮನವೂ ಸೇರಿಕೊಳ್ಳುತ್ತದೆ. ಚುಚ್ಚುತ್ತಿದೆಯೇ ಎಂದು ಪರೀಕ್ಷಿಸಲು ನುಂಗುತ್ತೇವೆ, ಸುಮ್ಮಸುಮ್ಮನೆ ಒಣಗಂಟಲಲ್ಲಿ ನುಂಗಿ ನುಂಗಿ ಆ ಜಾಗವನ್ನು ಮತ್ತೆ ಉಜ್ಜುತ್ತೇವೆ, ಗಂಟಲು ಕೆರೆದು ಕೆಮ್ಮುತ್ತೇವೆ. ಆತಂಕದಲ್ಲಿ ಅನ್ನನಾಳದ ಬಾಗಿಲಿನ ಸ್ನಾಯು ಬಿಗಿಯಾಗುವುದೂ ಉಂಟು, ಹೊಟ್ಟೆಯ ಆಮ್ಲ ಮೇಲಕ್ಕೆ ಬರುವ ತೊಂದರೆ ಮೊದಲೇ ಇದ್ದವರಲ್ಲಿ ಅದೂ ತನ್ನ ಪಾಲು ಸೇರಿಸುತ್ತದೆ. ಗಂಟಲಲ್ಲಿ ಏನೂ ಇಲ್ಲದೆಯೂ ಉಂಡೆಯೊಂದು ಕುಳಿತಿದೆ ಎನ್ನುವ ಭಾವನೆಯನ್ನು ವೈದ್ಯಕೀಯದಲ್ಲಿ ಬಹುಕಾಲ 'ಗ್ಲೋಬಸ್ ಹಿಸ್ಟೀರಿಕಸ್' ಎಂದೇ ಕರೆಯುತ್ತಿದ್ದರು. ಹೆಂಗಸರು ಹೇಳಿದ ನೋವನ್ನೆಲ್ಲ ಹಿಸ್ಟೀರಿಯಾದ ಲೆಕ್ಕಕ್ಕೆ ಹಾಕುತ್ತಿದ್ದ ಕಾಲದ ಹೆಸರು ಅದು. 1968ರಲ್ಲಿ ಮಾಲ್ಕಮ್‌ಸನ್ ಎಂಬ ವೈದ್ಯರು ಅದನ್ನು ಬದಲಿಸಿ ಗಂಟಲಿಗೆ ಸಂಬಂಧಿಸಿದ 'ಗ್ಲೋಬಸ್ ಫ್ಯಾರಿಂಜಿಯಸ್' ಎಂಬ ಹೆಸರನ್ನು ಕೊಟ್ಟದ್ದು ಒಳ್ಳೆಯದಾಯಿತು. ಈ ಉಂಡೆಯ ಭಾವನೆಗೂ ನಿಜವಾದ ಮುಳ್ಳಿಗೂ ಇರುವ ಒಂದು ವ್ಯತ್ಯಾಸ ನನಗೆ ಬಹಳ ಉಪಯೋಗಕ್ಕೆ ಬಂತು. ಉಂಡೆಯ ಭಾವನೆ ಬರೀ ಉಗುಳು ನುಂಗುವಾಗ ಕಾಡುತ್ತದೆ, ಊಟ ಮಾಡುವಾಗ ಮರೆಯಾಗುತ್ತದೆ ಅಥವಾ ಕಡಿಮೆಯಾಗುತ್ತದೆ. ನೆಟ್ಟ ಮುಳ್ಳು ಗಟ್ಟಿ ತುತ್ತು ಇಳಿಯುವಾಗ ಇನ್ನೂ ಹೆಚ್ಚು ನೋಯಿಸುತ್ತದೆ, ಅದೂ ಪ್ರತಿ ಸಲ ಒಂದೇ ಬಿಂದುವಿನಲ್ಲಿ, ಚೂಪಾಗಿ. ನನ್ನದು ಮೊದಲು ಎರಡನೆಯ ಬಗೆಯದಾಗಿತ್ತು, ಬರಬರುತ್ತಾ ಮೊದಲನೆಯ ಬಗೆಯದಾಯಿತು. ಊಟದ ಹೊತ್ತಿನಲ್ಲಿ ಆರಾಮ, ಊಟವಾದ ಮೇಲೆ ಸುಮ್ಮನೆ ಕುಳಿತಾಗ ಕಿರಿಕಿರಿ. ಈ ಬದಲಾವಣೆಯನ್ನು ಗುರುತಿಸಿದ ಮೇಲೆ ನನ್ನ ಅರ್ಧ ಭಯ ಇಳಿಯಿತು.

ಹಾಗೆಂದು ಗಂಟಲಿನ ದೂರನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ, ಇದನ್ನು ಒತ್ತಿ ಹೇಳಬೇಕಾಗಿದೆ. ಎಂಡೋಸ್ಕೋಪಿನ ಕಣ್ಣಿಗೆ ಬೀಳದ ಮುಳ್ಳುಗಳಿವೆ: ಟಾನ್ಸಿಲ್‌ನ ಒಳಗೆ ಪೂರ್ತಿ ಹೂತುಹೋದವು, ನಾಲಿಗೆಯ ಬುಡದ ಗಂಟುಗಂಟಾದ ಮೇಲ್ಮೈಯಲ್ಲಿ ಎಂಜಲಿನ ಎಳೆಯಿಂದ ಬೇರೆಯಾಗಿ ಕಾಣದವು, ಅನ್ನನಾಳದ ಬಾಯಿಯಿಂದ ಕೆಳಕ್ಕೆ ಇಳಿದು ಅಡ್ಡಲಾಗಿ ಸಿಕ್ಕಿಕೊಂಡವು. ಎಕ್ಸ್‌ರೇ ತೆಗೆಸಿದರೆ ತಿಳಿಯುತ್ತದೆಂದು ಬಹಳ ಜನ ಅಂದುಕೊಂಡಿದ್ದಾರೆ. ಮೀನಿನ ಮುಳ್ಳಿನಲ್ಲಿರುವ ಸುಣ್ಣದ ಅಂಶ ಜಾತಿಯಿಂದ ಜಾತಿಗೆ ಬದಲಾಗುತ್ತದೆ, ಸಣ್ಣ ಮುಳ್ಳು ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದೇ ಹೆಚ್ಚು, ಜೊತೆಗೆ ಕುತ್ತಿಗೆಯ ಮೃದ್ವಸ್ಥಿಗಳಲ್ಲಿ ವಯಸ್ಸಿನೊಂದಿಗೆ ಕಟ್ಟಿಕೊಳ್ಳುವ ಸುಣ್ಣದ ಗೆರೆಗಳು ಮುಳ್ಳೆಂದು ತೋರಿ ದಾರಿ ತಪ್ಪಿಸುತ್ತವೆ. ಸಂಶಯ ಉಳಿದರೆ ಭರವಸೆ ಇಡಬಹುದಾದದ್ದು ಸಿಟಿ ಸ್ಕ್ಯಾನ್. ದಿನ ಕಳೆದಂತೆ ನೋವು ಕಡಿಮೆಯಾಗದೆ ಅಷ್ಟೇ ಇದ್ದರೆ ಅಥವಾ ಹೆಚ್ಚಾದರೆ, ಮೊದಲ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಮತ್ತೆ ಹೋಗಬೇಕು. ಜ್ವರ ಬಂದರೆ, ಕುತ್ತಿಗೆ ಊದಿದರೆ ಅಥವಾ ತಿರುಗಿಸಲಾಗದಷ್ಟು ಬಿಗಿದರೆ, ಉಗುಳನ್ನೂ ನುಂಗಲಾಗದೆ ಜೊಲ್ಲು ಸುರಿಯತೊಡಗಿದರೆ, ಎದೆಯಲ್ಲೋ ಬೆನ್ನಿನಲ್ಲೋ ನೋವು ಶುರುವಾದರೆ, ರಕ್ತ ಕಾಣಿಸಿದರೆ, ಉಸಿರಾಟಕ್ಕೆ ತೊಂದರೆಯಾದರೆ ದಿನ ಎಣಿಸುತ್ತಾ ಕೂರುವ ಮಾತೇ ಇಲ್ಲ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅನ್ನನಾಳವನ್ನು ತೂತು ಮಾಡಿದ ಮುಳ್ಳಿನಿಂದ ಕುತ್ತಿಗೆಯ ಆಳದಲ್ಲಿ ಕೀವು ಕಟ್ಟಬಹುದು, ಸೋಂಕು ಎದೆಗೂಡಿಗೆ ಇಳಿಯಬಹುದು, ತೀರಾ ಅಪರೂಪವಾಗಿ ಮುಳ್ಳು ದೊಡ್ಡ ರಕ್ತನಾಳವನ್ನೇ ಮುಟ್ಟಬಹುದು.

ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿ ಶೆವಲಿಯರ್ ಜಾಕ್ಸನ್ ಎಂಬ ಗಂಟಲು ತಜ್ಞರು ತಮ್ಮ ವೃತ್ತಿಜೀವನದಲ್ಲಿ ಜನರ ಗಂಟಲು, ಅನ್ನನಾಳ, ಶ್ವಾಸನಾಳಗಳಿಂದ ಹೊರತೆಗೆದ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಸಣ್ಣ ಅರೆಗಳಲ್ಲಿ ಜೋಡಿಸಿಟ್ಟಿದ್ದಾರೆ. ಪಿನ್ನು, ಗುಂಡಿ, ನಾಣ್ಯ, ಆಟಿಕೆ, ಎಲುಬಿನ ಚೂರುಗಳ ಆ ಸಂಗ್ರಹವನ್ನು ನೋಡಿದರೆ ಮನುಷ್ಯ ನುಂಗದ ವಸ್ತುವೇ ಇಲ್ಲವೆನಿಸುತ್ತದೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಮೀನು ಹಿಡಿಯುವ ಹವ್ಯಾಸಕ್ಕೆ ಹೆಸರಾಗಿದ್ದ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್‌ರ ತಾಯಿಯ ಗಂಟಲಲ್ಲಿ 1982ರಲ್ಲಿ ಮುಳ್ಳು ಸಿಕ್ಕಿ, ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಯಿತು. ಆಮೇಲೆಯೂ ಅವರು ಮೀನು ಹಿಡಿಯುವುದನ್ನಾಗಲಿ ತಿನ್ನುವುದನ್ನಾಗಲಿ ಬಿಡಲಿಲ್ಲ, ಮತ್ತೊಮ್ಮೆ ಮುಳ್ಳು ಸಿಕ್ಕಿಸಿಕೊಂಡು ಆಸ್ಪತ್ರೆಗೂ ಹೋಗಿಬಂದರು.

ಇನ್ನೊಂದು ವಿಚಿತ್ರ ಸಂಗತಿಯನ್ನು ಈ ದಿನಗಳಲ್ಲಿ ಓದಿ ತಿಳಿದೆ. ಮೀನನ್ನೇ ತಿನ್ನದವರೂ ಕೆಲವೊಮ್ಮೆ ಗಂಟಲಲ್ಲಿ ಮುಳ್ಳು ಸಿಕ್ಕಿದೆ ಎಂದು ವರ್ಷಗಟ್ಟಲೆ ವೈದ್ಯರಿಂದ ವೈದ್ಯರಿಗೆ ಅಲೆಯುತ್ತಾರೆ. ತಲೆಬುರುಡೆಯ ಅಡಿಯಿಂದ, ಕಿವಿಯ ಕೆಳಗೆ, ಗಂಟಲಿನ ಕಡೆಗೆ ಚಾಚಿಕೊಂಡಿರುವ ಸ್ಟೈಲಾಯ್ಡ್ ಎಂಬ ಸೂಜಿಯಾಕಾರದ ಎಲುಬು ನಮಗೆಲ್ಲರಿಗೂ ಇದೆ. ಸಾಮಾನ್ಯವಾಗಿ ಎರಡೂವರೆ ಸೆಂಟಿಮೀಟರಿನಷ್ಟಿರುವ ಅದು ಕೆಲವರಲ್ಲಿ ಉದ್ದವಾಗಿ ಬೆಳೆದು ಟಾನ್ಸಿಲ್‌ನ ಹಿಂಭಾಗವನ್ನು ಒತ್ತುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಟ್ ಈಗಲ್ 1937ರಲ್ಲಿ ಇಂಥ ರೋಗಿಗಳನ್ನು ಗುರುತಿಸಿ ವರದಿ ಮಾಡಿದ್ದರಿಂದ ಇದಕ್ಕೆ ಈಗಲ್ ಸಿಂಡ್ರೋಮ್ ಎಂಬ ಹೆಸರು ಬಂದಿದೆ. ಶುದ್ಧ ಸಸ್ಯಾಹಾರಿಯೊಬ್ಬರು ವೈದ್ಯರ ಮುಂದೆ ಕುಳಿತು ಮೀನಿನ ಮುಳ್ಳು ಚುಚ್ಚಿದಂತಾಗುತ್ತದೆ ಎಂದು ಹೇಳುವ ದೃಶ್ಯವನ್ನು ಊಹಿಸಿಕೊಂಡು ನಾನು ನಕ್ಕೆನಾದರೂ, ಟಾನ್ಸಿಲ್‌ನ ಗುಳಿಯಲ್ಲಿ ಕಟ್ಟಿಕೊಳ್ಳುವ ಸಣ್ಣ ಕಲ್ಲುಗಳು, ಆಮ್ಲದ ಕಿರುಕುಳ, ಅಪರೂಪಕ್ಕೆ ಇನ್ನೂ ಗಂಭೀರವಾದ ರೋಗಗಳು ಕೂಡ ಇದೇ ಭಾಷೆಯಲ್ಲಿ ಮಾತಾಡುತ್ತವೆ ಎನ್ನುವುದು ನಗುವ ವಿಷಯವಲ್ಲ. ವಾರಗಳ ಮೇಲೂ ಗಂಟಲಿನ ಕಿರಿಕಿರಿ ಉಳಿದರೆ, ಅದೂ ಒಂದೇ ಬದಿಯಲ್ಲಿ, ತೂಕ ಇಳಿಯುತ್ತಿದ್ದರೆ ಅಥವಾ ಧ್ವನಿ ಒಡೆದಿದ್ದರೆ, ಎಂದೋ ತಿಂದ ಮೀನಿನ ಮೇಲೆ ತಪ್ಪು ಹೊರಿಸಿ ಸುಮ್ಮನಿರಬಾರದು.

ನನ್ನ ಗಂಟಲು ಸರಿಹೋಯಿತು. ಬಿಸಿ ಗಂಜಿ ಬೇಡ, ಆರಿದ ಗಂಜಿ, ಮಜ್ಜಿಗೆ ಅನ್ನ, ಖಾರವಿಲ್ಲದ ತೊವ್ವೆಯಲ್ಲಿ ಕೆಲವು ಹೊತ್ತಿನ ಊಟ ಕಳೆಯಿತು. ಉಪ್ಪುನೀರು ಮುಕ್ಕಳಿಸಿದ್ದರಿಂದ ಎಷ್ಟು ಉಪಯೋಗವಾಯಿತೋ, ಮುಕ್ಕಳಿಸುವ ಕೆಲಸವೊಂದು ಸಿಕ್ಕಿದ್ದರಿಂದ ಎಷ್ಟು ಸಮಾಧಾನವಾಯಿತೋ, ಬೇರ್ಪಡಿಸಿ ಹೇಳುವುದು ಕಷ್ಟ. ಹೊಟ್ಟೆಗೆ ಇಳಿದ ಮುಳ್ಳಿನ ಬಗ್ಗೆ ಮನೆಯವರಿಗೆ ಇನ್ನೂ ಚಿಂತೆಯಿತ್ತು. ಗಂಟಲು ದಾಟಿದ ಸಣ್ಣ ಮುಳ್ಳುಗಳಲ್ಲಿ ಬಹುತೇಕ ಎಲ್ಲವೂ ಜಠರದ ಆಮ್ಲದಲ್ಲಿ ಮೆತ್ತಗಾಗಿ ಯಾರಿಗೂ ತಿಳಿಯದಂತೆ ಹೊರಟುಹೋಗುತ್ತವೆ, ಹೊಟ್ಟೆನೋವು ಬಂದರೆ ಮಾತ್ರ ಯೋಚಿಸಿದರೆ ಸಾಕು ಎಂದು ವೈದ್ಯರು ಹೇಳಿದ್ದರು, ಹೊಟ್ಟೆನೋವು ಬರಲಿಲ್ಲ.

ಅದಾದ ಮೇಲೆ ಮೀನಿನ ಅಂಗಡಿಯಲ್ಲಿ ಬಂಗಾಳಿ ಗಿರಾಕಿಗಳು ರೋಹು ಕೊಳ್ಳುವುದನ್ನು ಗಮನವಿಟ್ಟು ನೋಡಿದೆ. ಅವರು ಇಡೀ ಮೀನನ್ನು ಅಡ್ಡಡ್ಡ ತುಂಡು ಮಾಡಿಸಿ ಸುಮ್ಮನೆ ತರುವುದಿಲ್ಲ, ಹೊಟ್ಟೆಯ ಕಡೆಯ ತುಂಡಿಗೆ ಪೇಟಿ, ಬೆನ್ನಿನ ಕಡೆಯ ತುಂಡಿಗೆ ಗಾದಾ ಎಂದು ಬೇರೆಬೇರೆ ಹೆಸರಿಟ್ಟುಕೊಂಡಿದ್ದಾರೆ. ಪೇಟಿಯಲ್ಲಿರುವುದು ದಪ್ಪನೆಯ ಪಕ್ಕೆಮುಳ್ಳುಗಳು, ಅವು ಬೆರಳಿಗೆ ತಕ್ಷಣ ಸಿಗುತ್ತವೆ. ಕವಲುಮುಳ್ಳುಗಳು ಹೆಚ್ಚಿರುವುದು ಗಾದಾದಲ್ಲಿ ಮತ್ತು ಬಾಲದ ಕಡೆಯಲ್ಲಿ. ನಮ್ಮ ಮನೆಯಲ್ಲಿ ಅಂದು ಸಾರಿಗೆ ಬಿದ್ದದ್ದು ಬಾಲದ ಕಡೆಯ ತುಂಡುಗಳು. ಈಗ ನಾನೂ ಅಂಗಡಿಯವನಿಗೆ ಪೇಟಿ ಎಂದೇ ಹೇಳುತ್ತೇನೆ, ಕಿಲೋಗೆ ಸ್ವಲ್ಪ ಹೆಚ್ಚು ಕೇಳುತ್ತಾನೆ, ಕೊಡುತ್ತೇನೆ. ಆಗಸ್ಟ್ ತಿಂಗಳಲ್ಲಿ ಮಲ್ಪೆಯ ಬೋಟುಗಳು ಇಳಿದ ಮೇಲೆ ಅದರ ಅಗತ್ಯವೂ ಇರುವುದಿಲ್ಲ.